ಹುಟ್ಟಿದ ಬುದ್ಧಿ, ಕಲಿತ ವಿದ್ಯೆ: ರೋಲ್-ಪ್ಲೇಯಿಂಗ್ ಆಟಗಳ ಅಂಕಗಣಿತದ ಚರಿತ್ರೆ

ರೋಲ್-ಪ್ಲೇಯಿಂಗ್ ಆಟದಲ್ಲಿ ಪ್ರತಿಯೊಬ್ಬ ಆಟಗಾರನೂ ಮೊದಲು ಒಂದು ಪಾತ್ರವನ್ನು ಕಾಗದದ ಮೇಲೆ ಕಟ್ಟಿಕೊಳ್ಳುತ್ತಾನೆ. ಆ ಕಾಗದದ ಮೇಲೆ ಎರಡು ಬಗೆಯ ಅಂಕಿಗಳಿರುತ್ತವೆ. ಬಲ, ಬುದ್ಧಿ, ಚುರುಕು, ವರ್ಚಸ್ಸು ಮುಂತಾದವು ಹುಟ್ಟಿನಿಂದ ಬಂದ ಸಾಮರ್ಥ್ಯಗಳು. ಇವಕ್ಕೆ ಕೊಡುವ ಅಂಕಿ ಸಾಮರ್ಥ್ಯಾಂಕ. ಬೀಗ ತೆಗೆಯುವುದು, ಈಜುವುದು, ಗಾಯಕ್ಕೆ ಔಷಧ ಹಚ್ಚುವುದು, ಹಳೆಯ ಲಿಪಿ ಓದುವುದು ಮುಂತಾದವು ಕಲಿತು ಬಂದ ಕೌಶಲಗಳು. ಎಷ್ಟು ಕೌಶಲ ಕಲಿಯಬಹುದು, ಎಷ್ಟು ಆಳವಾಗಿ ಕಲಿಯಬಹುದು ಎಂಬುದನ್ನು ಅಳೆಯುವ ಬಂಡವಾಳಕ್ಕೆ ಆಟಗಾರರು ಸ್ಕಿಲ್ ಪಾಯಿಂಟ್ ಎನ್ನುತ್ತಾರೆ. ಈ ಬಂಡವಾಳ ಎಲ್ಲಿಂದ ಬರಬೇಕು? ಹುಟ್ಟಿನ ಬುದ್ಧಿಯಿಂದಲೋ, ಓದಿದ ವರ್ಷಗಳಿಂದಲೋ, ಹಿಡಿದ ಕಸುಬಿನಿಂದಲೋ? ಅರ್ಧ ಶತಮಾನದಲ್ಲಿ ಬಂದ ಒಂದೊಂದು ಆಟವೂ ಇದಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿದೆ. ಸೂತ್ರಗಳು ನೋಡಲು ಬರೀ ಕೂಡುವ ಕಳೆಯುವ ಲೆಕ್ಕ. ಆದರೆ ಮನುಷ್ಯ ಹೇಗೆ ಕಲಿಯುತ್ತಾನೆ ಎಂಬುದರ ಬಗ್ಗೆ ಒಂದೊಂದು ನಂಬಿಕೆ ಅವುಗಳ ಒಳಗೆ ಕೂತಿದೆ.

ಈ ಆಟಗಳ ಬೇರು ಇರುವುದು ಅಮೆರಿಕದ ಮಧ್ಯಪಶ್ಚಿಮ ಭಾಗದ ಯುದ್ಧದಾಟದ ಕೂಟಗಳಲ್ಲಿ. ಮಿನ್ನೆಸೋಟಾದ ಅವಳಿ ನಗರಗಳಲ್ಲಿ ಡೇವಿಡ್ ವೆಸ್ಲಿ 1969ರಲ್ಲಿ ಆಡಿಸಿದ ಬ್ರೌನ್‌ಸ್ಟೈನ್ ಎಂಬ ಆಟದಲ್ಲಿ ಆಟಗಾರರು ದಂಡುಗಳನ್ನು ನಡೆಸುವ ಬದಲು ಒಬ್ಬೊಬ್ಬ ವ್ಯಕ್ತಿಯ ಪಾತ್ರ ವಹಿಸಿದ್ದರು. ಅದೇ ಕೂಟದ ಡೇವ್ ಆರ್ನೆಸನ್ ಬ್ಲ್ಯಾಕ್‌ಮೂರ್ ಎಂಬ ಕಾಲ್ಪನಿಕ ನಾಡನ್ನು ಕಟ್ಟಿದರು. ವಿಸ್ಕಾನ್ಸಿನ್‌ನ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿದ್ದ ಗ್ಯಾರಿ ಗೈಗ್ಯಾಕ್ಸ್ ಅವರ ಜೊತೆಗೂಡಿ 1974ರಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಹೊರತಂದರು. ಮೂರು ಕಿರುಪುಸ್ತಕಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಮಾರಿದ ಆ ಆಟದ ಮೊದಲ ಮುದ್ರಣ 1000 ಪ್ರತಿ.

ಮೊದಲ ಪುಸ್ತಕದಲ್ಲೇ ಆರು ಸಾಮರ್ಥ್ಯಗಳಿದ್ದವು: ಬಲ, ಬುದ್ಧಿ, ವಿವೇಕ, ದೇಹದಾರ್ಢ್ಯ, ಚುರುಕು, ವರ್ಚಸ್ಸು. ಪ್ರತಿಯೊಂದಕ್ಕೂ ಆರು ಮುಖದ ಮೂರು ದಾಳಗಳನ್ನು ಉರುಳಿಸಿ ಕೂಡಬೇಕು. ಹೀಗಾಗಿ ಅಂಕ 3ರಿಂದ 18ರವರೆಗೆ ಬೀಳುತ್ತದೆ, ಸರಾಸರಿ 10.5, 18 ಬೀಳುವ ಸಾಧ್ಯತೆ 216ರಲ್ಲಿ ಒಂದೇ ಒಂದು. ಇಷ್ಟು ಶ್ರದ್ಧೆಯಿಂದ ಹುಟ್ಟಿಸಿದ ಅಂಕಗಳಿಗೆ ಆಟದಲ್ಲಿ ಕೆಲಸ ಮಾತ್ರ ಕಡಿಮೆ ಇತ್ತು. ಪಾತ್ರದ ಕಸುಬಿಗೆ ಮುಖ್ಯವಾದ ಸಾಮರ್ಥ್ಯ ಚೆನ್ನಾಗಿದ್ದರೆ ಅನುಭವದ ಅಂಕಗಳು ಶೇಕಡಾ 5 ಅಥವಾ 10 ಹೆಚ್ಚಾಗಿ ಸಿಗುತ್ತಿದ್ದವು, ಕೆಟ್ಟದಾಗಿದ್ದರೆ ಖೋತಾ ಆಗುತ್ತಿದ್ದವು. ಕೌಶಲಗಳ ಪಟ್ಟಿ ಎಂಬುದೇ ಇರಲಿಲ್ಲ. ಬಾವಿಗೆ ಇಳಿಯಲು ಬರುತ್ತದೆಯೇ, ಕುದುರೆ ಪಳಗಿಸಲು ಬರುತ್ತದೆಯೇ ಎಂಬುದನ್ನು ಆಟ ನಡೆಸುವ ಡಂಜನ್ ಮಾಸ್ಟರ್ ಸಂದರ್ಭ ನೋಡಿ ತೀರ್ಮಾನಿಸುತ್ತಿದ್ದ.

ಆದರೂ ಆ ಕಿರುಪುಸ್ತಕದ ಒಂದು ಸಣ್ಣ ನಿಯಮ ಮುಂದಿನ ಕಥೆಗೆ ಬೀಜವಾಯಿತು. ಬುದ್ಧಿಯ ಅಂಕ 10ನ್ನು ದಾಟಿದರೆ, ದಾಟಿದ ಒಂದೊಂದು ಅಂಕಕ್ಕೂ ಪಾತ್ರ ಒಂದೊಂದು ಹೆಚ್ಚುವರಿ ಭಾಷೆ ಕಲಿಯಬಹುದು. ಬುದ್ಧಿ 13 ಇದ್ದವನಿಗೆ ಮೂರು ಭಾಷೆ ಹೆಚ್ಚು. ದಾಳದಿಂದ ಬಿದ್ದ ಸಂಖ್ಯೆಯೊಂದು ಕಲಿತ ವಿದ್ಯೆಗಳ ಎಣಿಕೆಯನ್ನು ನೇರವಾಗಿ ನಿರ್ಧರಿಸಿದ್ದು ಇಲ್ಲೇ. ಆಗ ಅದು ಭಾಷೆಗಷ್ಟೇ ಸೀಮಿತವಾಗಿತ್ತು. 1978ರ 'ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್'ನ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಬುದ್ಧಿಯ ಕೋಷ್ಟಕಕ್ಕೆ ಭಾಷೆಗಳ ಸಂಖ್ಯೆಯದ್ದೇ ಒಂದು ಕಲಂ ಬಂತು. ಅಲ್ಲಿ 18ರ ಎದುರಿಗೆ 7 ಎಂದಿದೆ. ಈ ಕಲಂ ಮುಂದೆ ಎರಡು ದಶಕ ಜಾಗ ಬಿಡದೆ ನಿಂತಿತು.

ಕೌಶಲವೆಂದು ಕರೆಯಬಹುದಾದದ್ದು ಮೊದಲು ಬಂದದ್ದು ಕಳ್ಳನ ಜೊತೆ. 1975ರ 'ಗ್ರೇಹಾಕ್' ಅನುಬಂಧದಲ್ಲಿ ಕಳ್ಳ ಎಂಬ ಹೊಸ ಕಸುಬು ಸೇರಿತು. ಬೀಗ ತೆರೆಯುವುದು, ಬಲೆ ಬಿಡಿಸುವುದು, ಜೇಬಿಗೆ ಕೈಹಾಕುವುದು, ಸದ್ದಿಲ್ಲದೆ ನಡೆಯುವುದು, ನೆರಳಲ್ಲಿ ಅವಿತುಕೊಳ್ಳುವುದು ಇವೆಲ್ಲ ಶೇಕಡಾ ಲೆಕ್ಕದಲ್ಲಿ ಬಂದವು. ಕಳ್ಳ ಅನುಭವದ ಅಂಕ ಗಳಿಸಿ ಮೇಲಿನ ಲೆವೆಲ್‌ಗೆ, ಎಂದರೆ ಮೇಲಿನ ಮಟ್ಟಕ್ಕೆ, ಏರಿದಂತೆ ಶೇಕಡಾವಾರು ಏರುತ್ತಿತ್ತು. 1978ರ ಹೊತ್ತಿಗೆ ಚುರುಕಿನ ಅಂಕವೂ ಈ ಶೇಕಡಾವಾರನ್ನು ಮೇಲೆ ಕೆಳಗೆ ಮಾಡತೊಡಗಿತು. ಇಲ್ಲಿ ಕೌಶಲ ಕೈಯಲ್ಲಿದೆ, ತಲೆಯಲ್ಲಿಲ್ಲ. ಬುದ್ಧಿಗೆ ಕಳ್ಳನ ವಿದ್ಯೆಯಲ್ಲಿ ಯಾವ ಪಾಲೂ ಇರಲಿಲ್ಲ. ಉಳಿದವರ ಪೂರ್ವಜೀವನದ ಕಸುಬನ್ನು 1979ರ ಡಂಜನ್ ಮಾಸ್ಟರ್ಸ್ ಗೈಡ್ ಒಂದು ಪುಟ್ಟ ಕೋಷ್ಟಕದಲ್ಲಿ ಮುಗಿಸಿತು: ದಾಳ ಉರುಳಿಸಿ, ಬಿದ್ದದ್ದನ್ನು ಒಪ್ಪಿಕೊಳ್ಳಬೇಕು. ಒಬ್ಬ ರೈತನಾದ, ಇನ್ನೊಬ್ಬ ಬಿಲ್ಲು ಮಾಡುವವನಾದ. ಸಾಮರ್ಥ್ಯಾಂಕಕ್ಕೂ ಅದಕ್ಕೂ ಸಂಬಂಧವಿಲ್ಲ.

ಕೌಶಲವನ್ನು ಆಟದ ನಡುಮನೆಗೆ ತಂದವರು ಬೇರೆಯವರು. ಗೇಮ್ ಡಿಸೈನರ್ಸ್ ವರ್ಕ್‌ಶಾಪ್ ಸಂಸ್ಥೆಗಾಗಿ ಮಾರ್ಕ್ ಮಿಲ್ಲರ್ ರಚಿಸಿದ 'ಟ್ರಾವೆಲರ್' 1977ರಲ್ಲಿ ಬಂತು. ಅದು ಅಂತರಿಕ್ಷದ ಕಥೆ. ಅದರ ಆರು ಗುಣಗಳಲ್ಲಿ ಬುದ್ಧಿ, ಶಿಕ್ಷಣ ಎರಡೂ ಪ್ರತ್ಯೇಕವಾಗಿದ್ದವು. ಹುಟ್ಟಿನ ಜಾಣತನವೇ ಬೇರೆ, ಶಾಲೆಯಲ್ಲಿ ಕಲಿತದ್ದೇ ಬೇರೆ ಎಂಬ ಈ ವಿಂಗಡಣೆ ಸಣ್ಣ ವಿಷಯವಲ್ಲ. ಪಾತ್ರ ರಚನೆಯೂ ಅಲ್ಲಿ ಒಂದು ಜೀವನಚರಿತ್ರೆ. 18ರ ಹರೆಯದಲ್ಲಿ ನೌಕಾಪಡೆಗೋ ಸೈನ್ಯಕ್ಕೋ ವ್ಯಾಪಾರಿ ಹಡಗಿಗೋ ಸೇರಬೇಕು. ನಾಲ್ಕು ವರ್ಷಕ್ಕೊಂದು ಅವಧಿ. ಅವಧಿ ಮುಗಿದಂತೆ ದಾಳದ ಮೂಲಕ ಕೌಶಲ ಸಿಗುತ್ತದೆ. ಬದುಕುಳಿಯುವ ದಾಳ ತಪ್ಪಿದರೆ ಆಟ ಶುರುವಾಗುವ ಮುಂಚೆಯೇ ಪಾತ್ರ ಸತ್ತುಹೋಗುತ್ತದೆ. ಹೆಚ್ಚು ಅವಧಿ ದುಡಿದವನಿಗೆ ಹೆಚ್ಚು ಕೌಶಲ, ಆದರೆ 34ನೇ ವಯಸ್ಸಿನಿಂದ ಮುಪ್ಪು ಬಲವನ್ನು ತಿನ್ನಲು ಆರಂಭಿಸುತ್ತದೆ. ಕೌಶಲ ಇಲ್ಲಿ ಬಾಳಿದ ವರ್ಷಗಳಿಂದ ಬಂತು. ಸಾಮರ್ಥ್ಯಾಂಕ ಬಾಗಿಲು ಕಾಯುವ ಕೆಲಸ ಮಾಡಿತು: ಶಿಕ್ಷಣ 8 ಅಥವಾ ಹೆಚ್ಚಿದ್ದವರಿಗೆ ಮಾತ್ರ ವೈದ್ಯಕೀಯ, ಕಂಪ್ಯೂಟರ್‌ನಂಥ ವಿದ್ಯೆಗಳಿರುವ ಮೇಲ್ಮಟ್ಟದ ಕೋಷ್ಟಕ ತೆರೆಯುತ್ತಿತ್ತು. 1981ರ ಪರಿಷ್ಕರಣೆಯಲ್ಲಿ ಇನ್ನೊಂದು ಮಿತಿ ಬಂತು. ಪಾತ್ರದ ಎಲ್ಲ ಕೌಶಲಗಳ ಒಟ್ಟು ಮಟ್ಟ ಬುದ್ಧಿ ಮತ್ತು ಶಿಕ್ಷಣದ ಮೊತ್ತವನ್ನು ಮೀರಬಾರದು. ಎರಡು ದಾಳಗಳ ಸರಾಸರಿ 7. ಎಂದರೆ ಸಾಧಾರಣ ಮನುಷ್ಯನ ತಲೆಗೆ ಹಿಡಿಸುವುದು 14.

1978ರ 'ರೂನ್‌ಕ್ವೆಸ್ಟ್' ಮತ್ತೊಂದು ದಾರಿ ಹಿಡಿಯಿತು. ಸ್ಟೀವ್ ಪೆರಿನ್ ಮತ್ತು ಗೆಳೆಯರು ಕೇಯೋಸಿಯಂ ಸಂಸ್ಥೆಗೆ ಬರೆದ ಈ ಆಟದಲ್ಲಿ ಪ್ರತಿ ಕೌಶಲವೂ ನೂರಕ್ಕೆ ಇಷ್ಟೆಂದು ಇರುತ್ತದೆ. ಸಾಮರ್ಥ್ಯಗಳು ಒಂದೊಂದು ಕೌಶಲ ಗುಂಪಿಗೆ ಒಂದಿಷ್ಟು ಶೇಕಡಾ ಸೇರಿಸುತ್ತವೆ ಅಥವಾ ಕಳೆಯುತ್ತವೆ. ಆಮೇಲಿನದ್ದೆಲ್ಲ ಬಳಕೆಯ ಪಾಲು: ಆಟದಲ್ಲಿ ಒಂದು ಕೌಶಲವನ್ನು ಯಶಸ್ವಿಯಾಗಿ ಬಳಸಿದವನಿಗೆ ಅದನ್ನು ಬೆಳೆಸಿಕೊಳ್ಳುವ ಅವಕಾಶ ಸಿಗುತ್ತದೆ, ಕೌಶಲ ಎತ್ತರಕ್ಕೆ ಹೋದಷ್ಟೂ ಮುಂದಿನ ಮೆಟ್ಟಿಲು ಕಷ್ಟವಾಗುತ್ತದೆ. ಕೆಲಸ ಮಾಡುತ್ತಾ ಕೈ ಪಳಗುವುದನ್ನು ಇಷ್ಟು ನೇರವಾಗಿ ಹೇಳಿದ ನಿಯಮ ಅದಕ್ಕೆ ಮೊದಲು ಪ್ರಕಟವಾದ ಆಟಗಳಲ್ಲಿ ಕಾಣುವುದಿಲ್ಲ.

ಸಾಮರ್ಥ್ಯಾಂಕವನ್ನೇ ಗುಣಿಸಿ ಸ್ಕಿಲ್ ಪಾಯಿಂಟ್ ಮಾಡುವ ಪದ್ಧತಿ ಅತ್ಯಂತ ಸ್ಪಷ್ಟವಾಗಿ ಕಾಣುವುದು ರೂನ್‌ಕ್ವೆಸ್ಟ್‌ನ ದಾಯಾದಿ ಎನ್ನಬಹುದಾದ 'ಕಾಲ್ ಆಫ್ ಕ್ಥುಲು' ಆಟದಲ್ಲಿ. ಸ್ಯಾಂಡಿ ಪೀಟರ್ಸನ್ 1981ರಲ್ಲಿ ರಚಿಸಿದ ಈ ಭಯಾನಕ ಕಥೆಗಳ ಆಟದ ಪಾತ್ರಗಳು ಪ್ರಾಧ್ಯಾಪಕರು, ಪತ್ರಕರ್ತರು, ವೈದ್ಯರು, ಪತ್ತೇದಾರರು. ಕತ್ತಿ ಹಿಡಿದವನಿಗಿಂತ ಗ್ರಂಥಾಲಯದಲ್ಲಿ ಹುಡುಕಬಲ್ಲವನಿಗೆ ಅಲ್ಲಿ ಬೆಲೆ. ಹಾಗಾಗಿ ಶಿಕ್ಷಣವೂ ಒಂದು ಸಾಮರ್ಥ್ಯ. ಬಹುಕಾಲ ಬಳಕೆಯಲ್ಲಿದ್ದ ಆವೃತ್ತಿಗಳ ಸೂತ್ರ ಹೀಗಿದೆ: ಶಿಕ್ಷಣವನ್ನು 20ರಿಂದ ಗುಣಿಸಿದರೆ ವೃತ್ತಿಯ ಕೌಶಲಗಳಿಗೆ ಹಂಚಬೇಕಾದ ಅಂಕ, ಬುದ್ಧಿಯನ್ನು 10ರಿಂದ ಗುಣಿಸಿದರೆ ಸ್ವಂತ ಆಸಕ್ತಿಗಳಿಗೆ ಹಂಚಬಹುದಾದ ಅಂಕ. ಶಿಕ್ಷಣ 15, ಬುದ್ಧಿ 13 ಇರುವ ವೈದ್ಯನಿಗೆ ವೃತ್ತಿಯಿಂದ 300, ಹವ್ಯಾಸದಿಂದ 130. ಓದು ಕಸುಬನ್ನು ಕೊಡುತ್ತದೆ, ಬುದ್ಧಿ ಕುತೂಹಲವನ್ನು ಕೊಡುತ್ತದೆ. ಎರಡು ಮೂಲಗಳನ್ನು ಇಷ್ಟು ಸೊಗಸಾಗಿ ಬೇರ್ಪಡಿಸಿದ ಆಟ ಇನ್ನೊಂದಿಲ್ಲ. ದೇಹದ ಸಾಮರ್ಥ್ಯಗಳನ್ನೂ ಕೈಬಿಟ್ಟಿಲ್ಲ. ತಪ್ಪಿಸಿಕೊಳ್ಳುವ ಕೌಶಲದ ಆರಂಭದ ಮಟ್ಟ ಚುರುಕಿನ ಎರಡು ಪಟ್ಟು. ಒಂದೇ ಒಂದು ವಿದ್ಯೆಯನ್ನು ಈ ಅಂಕಗಳಿಂದ ಕೊಳ್ಳುವಂತಿಲ್ಲ: ಕ್ಥುಲು ಪುರಾಣದ ಜ್ಞಾನ. ಅದು ಆಟದಲ್ಲಿ ಕಂಡು, ಓದಿ, ಬೆಚ್ಚಿಬಿದ್ದೇ ಬರಬೇಕು, ಬಂದಷ್ಟೂ ಮನಸ್ಸಿನ ಸ್ವಾಸ್ಥ್ಯದ ಗರಿಷ್ಠ ಮಿತಿ ಇಳಿಯುತ್ತದೆ. 2014ರ ಏಳನೇ ಆವೃತ್ತಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕೆಲವು ವೃತ್ತಿಗಳ ಅಂಕಗಳಿಗೆ ಶಿಕ್ಷಣದ ಜೊತೆ ಬಲವನ್ನೋ ಚುರುಕನ್ನೋ ರೂಪವನ್ನೋ ಸೇರಿಸಿತು. ಕ್ರೀಡಾಪಟುವಿನ ವಿದ್ಯೆ ಪುಸ್ತಕದಿಂದಲೇ ಬರಬೇಕಿಲ್ಲ ಎಂಬ ಒಪ್ಪಿಗೆ ಅದರಲ್ಲಿದೆ.

ಬುದ್ಧಿಯೇ ಕೌಶಲದ ಏಕೈಕ ಮೂಲ ಎಂದು ಮೊದಲು ಖಡಾಖಂಡಿತವಾಗಿ ಸಾರಿದ್ದು ಟೆಕ್ಸಾಸ್‌ನ ಸ್ಟೀವ್ ಜಾಕ್ಸನ್. ಅವರ 'ದಿ ಫ್ಯಾಂಟಸಿ ಟ್ರಿಪ್' ಸರಣಿಯ 1980ರ ಪುಸ್ತಕ 'ಇನ್ ದಿ ಲ್ಯಾಬಿರಿಂತ್'ನಲ್ಲಿ ಪಾತ್ರಕ್ಕೆ ಬಲ, ಚುರುಕು, ಬುದ್ಧಿ ಎಂಬ ಮೂರೇ ಸಾಮರ್ಥ್ಯ. ಪ್ರತಿ ವಿದ್ಯೆಗೂ ಒಂದು ಬೆಲೆ ಇದೆ. ಹೊಸ ಪಾತ್ರ ಕೊಳ್ಳುವ ವಿದ್ಯೆಗಳ ಒಟ್ಟು ಬೆಲೆ ಅವನ ಬುದ್ಧಿಯ ಅಂಕವನ್ನು ಮೀರುವಂತಿಲ್ಲ. ಕೆಲವು ವಿದ್ಯೆಗಳಿಗೆ ಇಷ್ಟು ಬುದ್ಧಿ ಇರಲೇಬೇಕೆಂಬ ಕನಿಷ್ಠ ಮಿತಿಯೂ ಇತ್ತು. ಕತ್ತಿ ಬೀಸುವುದೂ ಈಜುವುದೂ ಇದೇ ಬುದ್ಧಿಯ ಖಾತೆಯಿಂದ ಖರ್ಚಾಗಬೇಕು.

ಅದೇ ಜಾಕ್ಸನ್ 1986ರಲ್ಲಿ 'ಗರ್ಪ್ಸ್' ಬರೆಯುವಾಗ ತಮ್ಮ ಹಳೆಯ ಸೂತ್ರವನ್ನು ಬಿಟ್ಟುಬಿಟ್ಟರು. ಅಲ್ಲಿ ಆಟಗಾರನಿಗೆ ಒಟ್ಟು 100 ಅಂಕ; ಸಾಮರ್ಥ್ಯ, ಕೌಶಲ ಎರಡನ್ನೂ ಅದರಿಂದಲೇ ಕೊಳ್ಳಬೇಕು. ಬುದ್ಧಿ ಹೆಚ್ಚಿದ್ದ ಮಾತ್ರಕ್ಕೆ ಹೆಚ್ಚು ಅಂಕ ಬರುವುದಿಲ್ಲ, ಆದರೆ ಕೊಂಡ ಪ್ರತಿ ಬೌದ್ಧಿಕ ಕೌಶಲವೂ ಬುದ್ಧಿಯ ಮಟ್ಟದಿಂದಲೇ ಎಣಿಕೆಯಾಗುತ್ತದೆ. ದೈಹಿಕ ಕೌಶಲ ಚುರುಕಿನಿಂದ. ಹೊಸ ಪಾತ್ರ ಕೌಶಲಗಳಿಗೆ ಖರ್ಚು ಮಾಡಬಹುದಾದ ಅಂಕಕ್ಕೆ ವಯಸ್ಸಿನ ಎರಡು ಪಟ್ಟು ಎಂಬ ಮಿತಿ ಇತ್ತು. 18ರ ಹುಡುಗನಿಗೆ 36, 40ರ ಅನುಭವಿಗೆ 80. ಕಲಿಯಲು ಕಾಲ ಬೇಕೆಂಬ ಸರಳ ಸತ್ಯವನ್ನು ಇಷ್ಟು ಚಿಕ್ಕ ನಿಯಮದಲ್ಲಿ ಹಿಡಿದದ್ದು ಮೆಚ್ಚತಕ್ಕ ಕೆಲಸ. ಆದರೆ ಈ ಏರ್ಪಾಟಿನಲ್ಲಿ ಒಂದು ಬಿರುಕಿತ್ತು. ಬುದ್ಧಿಯನ್ನು ಒಂದು ಮೆಟ್ಟಿಲು ಏರಿಸಿದರೆ ಹತ್ತಾರು ಕೌಶಲಗಳು ಒಟ್ಟಿಗೆ ಏರುತ್ತಿದ್ದವು. ಒಂದೊಂದನ್ನೇ ಏರಿಸುವುದಕ್ಕಿಂತ ಅದು ಅಗ್ಗ. ಆಟಗಾರರು ಇದನ್ನು ಬೇಗ ಕಂಡುಕೊಂಡರು. 2004ರ ನಾಲ್ಕನೇ ಆವೃತ್ತಿಯಲ್ಲಿ ಬುದ್ಧಿ ಮತ್ತು ಚುರುಕಿನ ಬೆಲೆಯನ್ನು ಮೆಟ್ಟಿಲಿಗೆ 20ಕ್ಕೆ ಏರಿಸಿ, ಬಲ ಮತ್ತು ಆರೋಗ್ಯವನ್ನು 10ಕ್ಕೇ ಬಿಡಲಾಯಿತು.

ಐರನ್ ಕ್ರೌನ್ ಎಂಟರ್‌ಪ್ರೈಸಸ್ ಸಂಸ್ಥೆಯ 'ರೋಲ್‌ಮಾಸ್ಟರ್' 1980ರ ದಶಕದ ಆರಂಭದಲ್ಲಿ ಭಾಗಭಾಗವಾಗಿ ಬಂದ ಆಟ. ಅದರ ಕೋಷ್ಟಕಗಳ ರಾಶಿ ನೋಡಿ ಹೆದರಿದವರು ಬಹಳ, ಆದರೆ ಈ ಚರಿತ್ರೆಯಲ್ಲಿ ಅದರ ಸ್ಥಾನ ದೊಡ್ಡದು. ಅಲ್ಲಿ ಹತ್ತು ಸಾಮರ್ಥ್ಯಗಳು. ಅವುಗಳಲ್ಲಿ ಐದು, ಎಂದರೆ ದೇಹದಾರ್ಢ್ಯ, ಚುರುಕು, ಸಂಯಮ, ನೆನಪು, ತರ್ಕಶಕ್ತಿ, ಕಲಿಕೆಗೆಂದೇ ಮೀಸಲು. ಪ್ರತಿ ಲೆವೆಲ್‌ನಲ್ಲೂ ಈ ಐದೂ ಸೇರಿ ಬೆಳವಣಿಗೆಯ ಅಂಕಗಳನ್ನು ಕೊಡುತ್ತವೆ. ಕೌಶಲಗಳ ಬೆಲೆಯನ್ನು ಮಾತ್ರ ಕಸುಬು ನಿಗದಿಪಡಿಸುತ್ತದೆ: ಯೋಧನಿಗೆ ಆಯುಧವಿದ್ಯೆ ಅಗ್ಗ, ಮಂತ್ರವಿದ್ಯೆ ದುಬಾರಿ, ಮಾಂತ್ರಿಕನಿಗೆ ತಿರುವುಮುರುವು. ಸಾಮರ್ಥ್ಯ ಕೈಗೆ ಸಂಬಳ ಕೊಡುತ್ತದೆ, ಕಸುಬು ಸಂತೆಯ ದರ ಕಟ್ಟುತ್ತದೆ. ಕಲಿಕೆಗೆ ನೆನಪಿನಷ್ಟೇ ಸಂಯಮವೂ ಬೇಕು, ದೇಹದ ತಾಳಿಕೆಯೂ ಬೇಕು ಎಂಬ ಈ ನೋಟ ಬುದ್ಧಿಯೊಂದನ್ನೇ ಹಿಡಿದುಕೊಂಡ ಸೂತ್ರಗಳಿಗಿಂತ ಎಷ್ಟೋ ಮನುಷ್ಯಸಹಜವಾಗಿದೆ. ಲೆಕ್ಕದ ಭಾರ ಇಲ್ಲದಿದ್ದರೆ ಅದೇ ಗೆಲ್ಲುತ್ತಿತ್ತೋ ಏನೋ.

ಇತ್ತ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ನಿಧಾನವಾಗಿ ಎಚ್ಚೆತ್ತಿತು. 1985ರ 'ಓರಿಯೆಂಟಲ್ ಅಡ್ವೆಂಚರ್ಸ್' ಪುಸ್ತಕ ಆಯುಧೇತರ ಪರಿಣತಿಗಳನ್ನು ಪರಿಚಯಿಸಿತು. ಡೇವಿಡ್ ಕುಕ್ ನೇತೃತ್ವದಲ್ಲಿ 1989ರಲ್ಲಿ ಬಂದ ಎರಡನೇ ಆವೃತ್ತಿ ಅವನ್ನು ಐಚ್ಛಿಕ ನಿಯಮವಾಗಿ ಮುಖ್ಯ ಪುಸ್ತಕಕ್ಕೆ ಸೇರಿಸಿತು. ಯೋಧನಿಗೂ ಕಳ್ಳನಿಗೂ ಆರಂಭದಲ್ಲಿ ಮೂರು ಪರಿಣತಿ, ಮಾಂತ್ರಿಕನಿಗೂ ಅರ್ಚಕನಿಗೂ ನಾಲ್ಕು. ಹಳೆಯ ಭಾಷೆಗಳ ಕಲಂ ಮತ್ತೆ ಕೆಲಸಕ್ಕೆ ಬಂದದ್ದು ಇಲ್ಲಿ: ಆ ಕಲಮಿನ ಸಂಖ್ಯೆಯಷ್ಟು ಪರಿಣತಿಗಳನ್ನು ಹೆಚ್ಚುವರಿಯಾಗಿ ಕೊಡಬಹುದು ಎಂದು ಡಂಜನ್ ಮಾಸ್ಟರ್‌ಗೆ ಅನುಮತಿ ಸಿಕ್ಕಿತು. ಬುದ್ಧಿ 18 ಇರುವ ಯೋಧನಿಗೆ ಮೂರರ ಜೊತೆ ಏಳು, ಒಟ್ಟು ಹತ್ತು. ಭಾಷೆಗೆಂದು ಹುಟ್ಟಿದ ಎಣಿಕೆ ಎಲ್ಲ ವಿದ್ಯೆಗಳಿಗೂ ಹರಡಿದ ಗಳಿಗೆ ಇದು. ಇದಕ್ಕೆ ಸದ್ದುಗದ್ದಲವೇನೂ ಆಗಲಿಲ್ಲ.

ಪರಿಣತಿಯನ್ನು ಪರೀಕ್ಷಿಸುವ ಕ್ರಮ ಮಾತ್ರ ದೋಷಪೂರಿತವಾಗಿತ್ತು. ಇಪ್ಪತ್ತು ಮುಖದ ದಾಳ ಉರುಳಿಸಿ, ಸಂಬಂಧಪಟ್ಟ ಸಾಮರ್ಥ್ಯಾಂಕದಷ್ಟೋ ಅದಕ್ಕಿಂತ ಕಡಿಮೆಯೋ ಬಿದ್ದರೆ ಗೆಲುವು. ಇನ್ನೊಂದು ಪರಿಣತಿಯ ಬೆಲೆ ತೆತ್ತು ಅದನ್ನೇ ಮತ್ತೆ ಕಲಿತರೆ ಸಿಗುವುದು ಒಂದೇ ಅಂಕ. ಹೀಗಾಗಿ ಚುರುಕು 18 ಇರುವ ಹೊಸಬ, ಚುರುಕು 10 ಇದ್ದು ಜೀವಮಾನವೆಲ್ಲ ಆ ಕೆಲಸ ಮಾಡಿದ ಮುದುಕನನ್ನು ಸಲೀಸಾಗಿ ಸೋಲಿಸುತ್ತಿದ್ದ. ಹುಟ್ಟಿನ ಅಂಕ ಅಭ್ಯಾಸವನ್ನು ನುಂಗಿಹಾಕಿತ್ತು. ಅದೇ ಆವೃತ್ತಿಯಲ್ಲಿ ಕಳ್ಳನಿಗೆ ಮಾತ್ರ ಉದಾರವಾದ ಬೇರೆ ಪದ್ಧತಿ ಇತ್ತು: ಆರಂಭದಲ್ಲಿ 60 ಶೇಕಡಾ ಅಂಕ, ಮುಂದೆ ಲೆವೆಲ್‌ಗೆ 30, ತನಗೆ ಬೇಕಾದ ಕೌಶಲಗಳಿಗೆ ಹಂಚಿಕೊಳ್ಳಬಹುದು. ಲೆವೆಲ್‌ಗೆ ಇಷ್ಟೆಂದು ಅಂಕ ಪಡೆದು ಹಂಚುವ ರೂಢಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಗಾರರಿಗೆ ಹತ್ತಿದ್ದು ಕಳ್ಳನಿಂದಲೇ.

1991ರ 'ವ್ಯಾಂಪೈರ್: ದಿ ಮಾಸ್ಕರೇಡ್' ಸಾಮರ್ಥ್ಯಕ್ಕೂ ಕೌಶಲಗಳ ಎಣಿಕೆಗೂ ಇದ್ದ ಕೊಂಡಿಯನ್ನೇ ಕತ್ತರಿಸಿತು. ಅಲ್ಲಿ ಕೌಶಲಗಳಿಗೆ 13, 9, 5 ಎಂದು ಮೂರು ಗುಂಪಿನ ಚುಕ್ಕೆಗಳು ಎಲ್ಲರಿಗೂ ಒಂದೇ. ಬುದ್ಧಿ ಎಷ್ಟಿದ್ದರೂ ಅದು ಬದಲಾಗದು. ಆಡುವಾಗ ಸಾಮರ್ಥ್ಯದ ಚುಕ್ಕೆ, ಕೌಶಲದ ಚುಕ್ಕೆ ಎರಡನ್ನೂ ಕೂಡಿ ಅಷ್ಟು ದಾಳ ಉರುಳಿಸಬೇಕು, ಅಷ್ಟೆ.

ಕಂಪ್ಯೂಟರ್ ಆಟಗಳಲ್ಲಿ ಬುದ್ಧಿಗೆ ಸಿಕ್ಕ ಪಟ್ಟ ಇನ್ನೂ ದೊಡ್ಡದು. ಇಂಟರ್‌ಪ್ಲೇ ಸಂಸ್ಥೆ 1997ರಲ್ಲಿ ಹೊರತಂದ 'ಫಾಲ್‌ಔಟ್' ಮೊದಲು ಗರ್ಪ್ಸ್ ನಿಯಮಗಳ ಮೇಲೆ ತಯಾರಾಗುತ್ತಿತ್ತು. ಆ ನಿಯಮಗಳನ್ನು ಬಳಸುವ ಒಪ್ಪಂದ ಮುರಿದ ಮೇಲೆ ತಂಡ ಏಳು ಸಾಮರ್ಥ್ಯಗಳ ಸ್ವಂತ ಪದ್ಧತಿ ಕಟ್ಟಿತು. ಪ್ರತಿ ಲೆವೆಲ್‌ಗೂ ಸಿಗುವ ಸ್ಕಿಲ್ ಪಾಯಿಂಟ್: 5ಕ್ಕೆ ಬುದ್ಧಿಯ ಎರಡು ಪಟ್ಟು ಕೂಡಿದಷ್ಟು. ಬುದ್ಧಿ 1 ಇದ್ದರೆ 7, ಬುದ್ಧಿ 10 ಇದ್ದರೆ 25. ಮೂರೂವರೆ ಪಟ್ಟು ವ್ಯತ್ಯಾಸ. ಮಂದಬುದ್ಧಿಯ ಪಾತ್ರಕ್ಕೆ ಸಂಭಾಷಣೆಗಳೂ ಮೊಟಕು. ತೊದಲು ಮಾತಿನ ಆಯ್ಕೆಗಳೇ ಹೆಚ್ಚು. ಹುಟ್ಟುಪ್ರತಿಭೆ ಎಂಬ ಐಚ್ಛಿಕ ಗುಣ ಆರಿಸಿಕೊಂಡರೆ ಏಳೂ ಸಾಮರ್ಥ್ಯ ಒಂದೊಂದು ಏರುತ್ತವೆ, ಬದಲಿಗೆ ಲೆವೆಲ್‌ಗೆ ಐದು ಸ್ಕಿಲ್ ಪಾಯಿಂಟ್ ಖೋತಾ. ಹುಟ್ಟಿನಿಂದ ಬಂದದ್ದು ಹೆಚ್ಚಾದಾಗ ಕಲಿಯುವ ಹಂಬಲ ಕಡಿಮೆಯಾಗುತ್ತದೆ ಎಂಬ ಚಿಂತನೆ ಅದರಲ್ಲಿದೆ. ಬೆಥೆಸ್ಡಾ ಸಂಸ್ಥೆ ಮಾಡಿದ 2008ರ ಮೂರನೇ ಭಾಗದಲ್ಲಿ ಸೂತ್ರ 10 ಮತ್ತು ಬುದ್ಧಿಯ ಮೊತ್ತವಾಯಿತು. 2010ರ 'ನ್ಯೂ ವೇಗಸ್'ನಲ್ಲಿ ಅದು 10 ಮತ್ತು ಬುದ್ಧಿಯ ಅರ್ಧದ ಮೊತ್ತಕ್ಕೆ ಇಳಿಯಿತು. 2015ರ ನಾಲ್ಕನೇ ಭಾಗದಲ್ಲಿ ಕೌಶಲದ ಅಂಕಗಳನ್ನೇ ತೆಗೆದುಹಾಕಲಾಯಿತು.

ಮೇಜಿನ ಮೇಲಿನ ಆಟದಲ್ಲಿ ಈ ಕೊಂಡಿ ಅತ್ಯಂತ ಬಿಗಿಯಾದದ್ದು 2000ದಲ್ಲಿ. ವಿಝರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆ 1997ರಲ್ಲಿ ಹಳೆಯ ಪ್ರಕಾಶಕರನ್ನು ಕೊಂಡುಕೊಂಡ ಮೇಲೆ ಜೊನಾಥನ್ ಟ್ವೀಟ್, ಮಾಂಟಿ ಕುಕ್, ಸ್ಕಿಪ್ ವಿಲಿಯಮ್ಸ್ ಮೂವರೂ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂರನೇ ಆವೃತ್ತಿ ರಚಿಸಿದರು. ಮಾಂಟಿ ಕುಕ್ ಅದಕ್ಕೆ ಮೊದಲು ರೋಲ್‌ಮಾಸ್ಟರ್ ಪುಸ್ತಕಗಳಲ್ಲಿ ಪಳಗಿದವರು. ಲೆವೆಲ್‌ಗೆ ಇಷ್ಟು ಅಂಕ, ಕಸುಬಿಗೆ ತಕ್ಕ ಬೆಲೆ ಎಂಬ ಹೊಸ ಪದ್ಧತಿಯಲ್ಲಿ ಆ ನಂಟು ಎದ್ದು ಕಾಣುತ್ತದೆ.

ಮೊದಲ ಹೆಜ್ಜೆ, ಎಲ್ಲ ಸಾಮರ್ಥ್ಯಗಳಿಗೂ ಒಂದೇ ಅಳತೆ. ಅಂಕದಿಂದ 10 ಕಳೆದು, ಎರಡರಿಂದ ಭಾಗಿಸಿ, ಬಂದದ್ದನ್ನು ಕೆಳಗಿನ ಪೂರ್ಣಾಂಕಕ್ಕೆ ಇಳಿಸಿದರೆ ಆ ಸಾಮರ್ಥ್ಯದ ಮಾರ್ಪಾಟು ಸಿಗುತ್ತದೆ. 8ಕ್ಕೆ ಋಣ 1, 10ಕ್ಕೆ ಸೊನ್ನೆ, 14ಕ್ಕೆ 2, 18ಕ್ಕೆ 4. ಆಮೇಲೆ ಕಸುಬಿನ ಪಾಲು: ಯೋಧ, ಮಾಂತ್ರಿಕ, ಅರ್ಚಕರಿಗೆ ಲೆವೆಲ್‌ಗೆ 2 ಅಂಕ, ಕಳ್ಳನ ಹೊಸ ಅವತಾರವಾದ ರೋಗ್‌ಗೆ 8, ಉಳಿದ ಹಲವರಿಗೆ 4. ಇದಕ್ಕೆ ಬುದ್ಧಿಯ ಮಾರ್ಪಾಟು ಕೂಡಬೇಕು. ಮೊದಲ ಲೆವೆಲ್‌ನಲ್ಲಿ ಮೊತ್ತವನ್ನು ನಾಲ್ಕರಿಂದ ಗುಣಿಸಬೇಕು. ಮನುಷ್ಯ ಕುಲದವರಿಗೆ ಆರಂಭದಲ್ಲಿ ಇನ್ನೂ 4, ಮುಂದೆ ಲೆವೆಲ್‌ಗೆ ಒಂದು. ಬುದ್ಧಿ ಎಷ್ಟೇ ಕಡಿಮೆಯಿದ್ದರೂ ಲೆವೆಲ್‌ಗೆ ಕನಿಷ್ಠ ಒಂದು ಅಂಕ ಖಾತ್ರಿ. ಒಂದು ಕೌಶಲದಲ್ಲಿ ಲೆವೆಲ್‌ಗಿಂತ ಮೂರು ಹೆಚ್ಚು ಮೆಟ್ಟಿಲು ಏರಬಹುದು. ಕಸುಬಿಗೆ ಹೊರಗಿನ ಕೌಶಲವಾದರೆ ಬೆಲೆ ಎರಡು ಪಟ್ಟು, ಮಿತಿ ಅರ್ಧ.

ಬುದ್ಧಿ 14 ಇರುವ ಮನುಷ್ಯ ಕುಲದ ರೋಗ್‌ಗೆ 8 ಮತ್ತು 2 ಸೇರಿ 10, ಅದರ ನಾಲ್ಕು ಪಟ್ಟು 40, ಮೇಲೆ 4, ಒಟ್ಟು 44. ಹನ್ನೊಂದು ಕೌಶಲಗಳನ್ನು ಗರಿಷ್ಠ ಮಟ್ಟಕ್ಕೆ ಏರಿಸಬಹುದು. ಬುದ್ಧಿ 8 ಇರುವ, ಅರ್ಧ-ಓರ್ಕ್ ಎಂಬ ಕಾಲ್ಪನಿಕ ಕುಲದ ಯೋಧನಿಗೆ 2ರಲ್ಲಿ 1 ಕಳೆದು 1, ಅದರ ನಾಲ್ಕು ಪಟ್ಟು 4. ಒಂದೇ ಒಂದು ಕೌಶಲ. ಈಜು ಕಲಿತರೆ ಕುದುರೆ ಸವಾರಿ ಇಲ್ಲ, ಸವಾರಿ ಕಲಿತರೆ ಬೆಟ್ಟ ಹತ್ತುವುದು ಇಲ್ಲ. ಈಜೂ ಸವಾರಿಯೂ ದೇಹದ ವಿದ್ಯೆಗಳು, ಪರೀಕ್ಷೆಯ ಹೊತ್ತಿಗೆ ಬಲವನ್ನೋ ಚುರುಕನ್ನೋ ಆಧರಿಸಿದವು. ಆದರೆ ಅವನ್ನು ಕಲಿಯುವ ಬಂಡವಾಳ ಬುದ್ಧಿಯ ಗಲ್ಲಾಪೆಟ್ಟಿಗೆಯಿಂದಲೇ ಬರಬೇಕು. ಒಂದು ಸಾಮರ್ಥ್ಯ ಎಷ್ಟು ಕಲಿಯಬಹುದೆಂದು ಹೇಳಿತು, ಉಳಿದ ಐದು ಎಷ್ಟು ಚೆನ್ನಾಗಿ ಮಾಡಬಹುದೆಂದು ಹೇಳಿದವು. ಎರಡನೇ ಆವೃತ್ತಿಯ ದೋಷ ಇದರಿಂದ ನೀಗಿತು: ಇಪ್ಪತ್ತರ ದಾಳಕ್ಕೆ ಕೌಶಲದ ಮೆಟ್ಟಿಲು ಮತ್ತು ಮಾರ್ಪಾಟು ಎರಡನ್ನೂ ಕೂಡುವುದರಿಂದ ಹಲವು ವರ್ಷ ಅಭ್ಯಾಸ ಮಾಡಿದವನು ಹುಟ್ಟುಚುರುಕಿನ ಹೊಸಬನನ್ನು ಈಗ ಹಿಂದೆ ಹಾಕಬಲ್ಲ. ಆದರೆ ದೇಹದಿಂದ ಕಲಿಯುವವರಿಗೆ ಅನ್ಯಾಯವಾಯಿತು. ನೇಯುವವರು, ಕುಸ್ತಿಪಟುಗಳು, ಮೀನುಗಾರರು ವಿದ್ಯೆ ಕಲಿಯುವುದು ಕೈಕಾಲುಗಳಲ್ಲಿ. ಈ ಸೂತ್ರದಲ್ಲಿ ಅವರಿಗೆ ಜಾಗವಿಲ್ಲ.

ಇನ್ನೂ ಗಂಭೀರವಾದದ್ದು ಕುಲದ ಪ್ರಶ್ನೆ. ಅರ್ಧ-ಓರ್ಕ್ ಕುಲದಲ್ಲಿ ಹುಟ್ಟಿದ ಪಾತ್ರಕ್ಕೆ ಬುದ್ಧಿಯಲ್ಲಿ 2 ಅಂಕ ಕಡಿತ. ಹುಟ್ಟಿನಿಂದ ಬುದ್ಧಿ ಕಡಿಮೆ, ಬುದ್ಧಿಯಿಂದ ವಿದ್ಯೆ ಕಡಿಮೆ. ಹೀಗೆ ಕುಲದ ಕಡಿತ ಪ್ರತಿ ಲೆವೆಲ್‌ನಲ್ಲೂ ಜೀವನವಿಡೀ ಹಿಂಬಾಲಿಸಿತು. ಹುಟ್ಟಿಗೂ ವಿದ್ಯಾರ್ಹತೆಗೂ ಗಂಟು ಹಾಕಿದ ಲೆಕ್ಕ ಆಟದೊಳಗಿನದ್ದಾದರೂ ಒಪ್ಪುವಂಥದ್ದಲ್ಲ. ಅದು ಸಡಿಲವಾಗಲು ಎರಡು ದಶಕ ಹಿಡಿಯಿತು. 2020ರ 'ಟಾಷಾಸ್ ಕಾಲ್ಡ್ರನ್ ಆಫ್ ಎವ್ರಿಥಿಂಗ್' ಪುಸ್ತಕ ಕುಲದ ಅಂಕಗಳನ್ನು ಬೇಕಾದ ಸಾಮರ್ಥ್ಯಕ್ಕೆ ಸರಿಸಿಕೊಳ್ಳಲು ಅವಕಾಶ ಕೊಟ್ಟಿತು. 2024ರ ಪ್ಲೇಯರ್ಸ್ ಹ್ಯಾಂಡ್‌ಬುಕ್ ಆ ಅಂಕಗಳನ್ನು ಕುಲದಿಂದ ಬಿಡಿಸಿ ಪಾತ್ರದ ಹಿನ್ನೆಲೆಗೆ, ಅಂದರೆ ಅವನು ಬೆಳೆದ ಬದುಕಿಗೆ ಕಟ್ಟಿತು.

ಮೊದಲ ಲೆವೆಲ್‌ನ ನಾಲ್ಕು ಪಟ್ಟಿನ ನಿಯಮದಿಂದ ಇನ್ನೊಂದು ವಿಚಿತ್ರ ಹುಟ್ಟಿತು. ಬುದ್ಧಿ 10 ಇರುವ ಪಾತ್ರ ಮೊದಲು ರೋಗ್ ಆಗಿ ಆಮೇಲೆ ಯೋಧನಾದರೆ 32 ಮತ್ತು 2 ಸೇರಿ 34 ಅಂಕ. ಮೊದಲು ಯೋಧನಾಗಿ ಆಮೇಲೆ ರೋಗ್ ಆದರೆ 8 ಮತ್ತು 8 ಸೇರಿ ಬರೀ 16. ಅದೇ ಪಾತ್ರ, ಅದೇ ಎರಡು ಕಸುಬು, ಕಲಿತ ಕ್ರಮ ಬೇರೆ ಅಷ್ಟೆ. ನಾಲ್ಕು ಲೆವೆಲ್‌ಗೊಮ್ಮೆ ಬುದ್ಧಿ ಏರಿಸಿಕೊಂಡವನಿಗೆ ಹಿಂದಿನ ಲೆವೆಲ್‌ಗಳ ಅಂಕ ಹಿಂದಿರುಗಿ ಸಿಗುತ್ತಿರಲಿಲ್ಲ. ಯಾವ ಲೆವೆಲ್‌ನಲ್ಲಿ ಬುದ್ಧಿ ಎಷ್ಟಿತ್ತೆಂದು ಬರೆದಿಟ್ಟುಕೊಳ್ಳದೆ ಲೆಕ್ಕ ತಾಳೆ ಹಾಕುವುದು ಕಷ್ಟ. 2003ರ ಪರಿಷ್ಕರಣೆ ಬಾರ್ಡ್ ಮತ್ತು ರೇಂಜರ್ ಕಸುಬುಗಳ ಪಾಲನ್ನು 4ರಿಂದ 6ಕ್ಕೆ ಏರಿಸಿತು, ಯೋಧನನ್ನು 2ರಲ್ಲೇ ಬಿಟ್ಟಿತು.

ಪೈಝೋ ಸಂಸ್ಥೆಯ 'ಪಾತ್‌ಫೈಂಡರ್' 2009ರಲ್ಲಿ ಇದೇ ನಿಯಮಗಳನ್ನು ಎತ್ತಿಕೊಂಡು ಒಪ್ಪಮಾಡಿತು. ನಾಲ್ಕು ಪಟ್ಟಿನ ಗುಣಾಕಾರ ಹೋಯಿತು. ಕಸುಬಿನ ಕೌಶಲದಲ್ಲಿ ಒಂದು ಅಂಕ ಹಾಕಿದರೆ ಸಾಕು, ಮೂರು ಉಚಿತ. ರೋಗ್ ಮೊದಲೋ ಯೋಧ ಮೊದಲೋ, ಮೊತ್ತ ಒಂದೇ. ಬುದ್ಧಿ ಶಾಶ್ವತವಾಗಿ ಏರಿದರೆ ಹಿಂದಿನ ಎಲ್ಲ ಲೆವೆಲ್‌ಗಳ ಬಾಕಿಯೂ ಸಿಗುತ್ತದೆ. ಬುದ್ಧಿ ಹೆಚ್ಚಿಸುವ ಮಾಂತ್ರಿಕ ತಲೆಪಟ್ಟಿ ತೊಟ್ಟವನು ಬೇಕಾದ ಕೌಶಲ ಆರಿಸಿಕೊಳ್ಳುವಂತಿಲ್ಲ; ಯಾವ ವಿದ್ಯೆ ಬರುತ್ತದೆಂಬುದು ಆ ಪಟ್ಟಿಯಲ್ಲೇ ನಿಗದಿಯಾಗಿರುತ್ತದೆ. 2015ರ 'ಪಾತ್‌ಫೈಂಡರ್ ಅನ್‌ಚೈನ್ಡ್' ಲೆವೆಲ್‌ಗೆ ಎರಡು ಅಂಕಗಳನ್ನು ಕುಶಲಕರ್ಮ, ಕಲೆ, ವೃತ್ತಿಗಳಂಥ ಹಿನ್ನೆಲೆಯ ಕೌಶಲಗಳಿಗೆ ಐಚ್ಛಿಕವಾಗಿ ಮೀಸಲಿಟ್ಟಿತು. ಯೋಧನಿಗೂ ಒಂದು ಬಡಗಿತನವೋ ವಾದ್ಯವೋ ಬರಲು ಬುದ್ಧಿಯ ಅಪ್ಪಣೆ ಬೇಕಿಲ್ಲದಂತಾಯಿತು.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮಾತ್ರ 2008ರ ನಾಲ್ಕನೇ ಆವೃತ್ತಿಯಲ್ಲಿ ಸ್ಕಿಲ್ ಪಾಯಿಂಟ್ ಎಂಬುದನ್ನೇ ಕೈಬಿಟ್ಟಿತು. ಕೌಶಲಗಳು 17ಕ್ಕೆ ಇಳಿದವು. ಕಲಿತಿದ್ದರೆ 5 ಅಂಕ ಹೆಚ್ಚು, ಇಲ್ಲದಿದ್ದರೆ ಇಲ್ಲ. ಎಷ್ಟು ಕೌಶಲ ಎಂಬುದು ಕಸುಬಿನಿಂದ ನಿರ್ಧಾರ, ಬುದ್ಧಿಗೆ ಅದರಲ್ಲಿ ಕೈಯಿಲ್ಲ. 2014ರ ಐದನೇ ಆವೃತ್ತಿ ಇದನ್ನೇ ಇನ್ನಷ್ಟು ಸರಳಗೊಳಿಸಿತು. ರೋಗ್‌ಗೆ ನಾಲ್ಕು ಕೌಶಲ, ಬಾರ್ಡ್, ರೇಂಜರ್‌ಗಳಿಗೆ ಮೂರು, ಉಳಿದವರಿಗೆ ಎರಡು. ಮೇಲೆ ಹಿನ್ನೆಲೆಯಿಂದ ಎರಡು. ಪರಿಣತಿಯ ಅಂಕ ಆರಂಭದಲ್ಲಿ 2, ಹದಿನೇಳನೇ ಲೆವೆಲ್‌ನಲ್ಲಿ 6, ಎಲ್ಲರಿಗೂ ಒಂದೇ. ಪಾತ್ರ ಕಟ್ಟುವ ಕೆಲಸ ಹಗುರಾಯಿತು, ಹೊಸಬರು ಹೆದರದೆ ಬಂದರು. ಆದರೆ ನಷ್ಟವೂ ಇದೆ: ಲೆವೆಲ್ ಏರಿದ ಸಂಜೆ ಅಂಕಗಳನ್ನು ಮುಂದಿಟ್ಟುಕೊಂಡು, ಕಳೆದ ಸಾಹಸದಲ್ಲಿ ಪಾತ್ರ ಏನು ಕಲಿತಿರಬಹುದೆಂದು ಯೋಚಿಸಿ ಹಂಚುವ ಸುಖ ಹೋಯಿತು. ಬುದ್ಧಿಯಿಂದ ಮಂತ್ರ ಹಾಕದ ಪಾತ್ರಗಳಿಗೆ ಬುದ್ಧಿಯ ಅಂಕವೇ ಬಹುಪಾಲು ನಿರುಪಯೋಗಿಯಾಯಿತು. ಆಟಗಾರರು ತಮ್ಮ ಕೆಟ್ಟ ಅಂಕವನ್ನು ಅಲ್ಲಿಗೆ ತಳ್ಳತೊಡಗಿದರು. 2017ರ 'ಝನಾಥರ್ಸ್ ಗೈಡ್ ಟು ಎವ್ರಿಥಿಂಗ್' ಒಂದು ಮೂಲೆಯಲ್ಲಿ ಅದಕ್ಕೆ ಸ್ವಲ್ಪ ಕೆಲಸ ಕೊಟ್ಟಿತು: ಸಾಹಸಗಳ ನಡುವಿನ ಬಿಡುವಿನಲ್ಲಿ ಭಾಷೆಯನ್ನೋ ಉಪಕರಣವನ್ನೋ ಕಲಿಯಲು ಹತ್ತು ವಾರ ಬೇಕು, ಬುದ್ಧಿಯ ಮಾರ್ಪಾಟಿನಷ್ಟು ವಾರ ಅದರಲ್ಲಿ ಕಡಿಮೆ.

ಬುದ್ಧಿಗೂ ಕೌಶಲಗಳ ಎಣಿಕೆಗೂ ಇದ್ದ ಕೊಂಡಿಯನ್ನು ಉಳಿಸಿಕೊಂಡದ್ದು 2019ರ ಪಾತ್‌ಫೈಂಡರ್ ಎರಡನೇ ಆವೃತ್ತಿ. ಕಸುಬು ಕೊಡುವ ಕೌಶಲಗಳ ಜೊತೆ ಬುದ್ಧಿಯ ಮಾರ್ಪಾಟಿನಷ್ಟು ಕೌಶಲ ಹೆಚ್ಚಾಗಿ ಕಲಿಯಬಹುದು. ಮುಂದೆ ಬುದ್ಧಿ ಏರಿದರೆ ಒಂದು ಕೌಶಲ, ಒಂದು ಭಾಷೆ ಸೇರಿಸಿಕೊಳ್ಳಬಹುದು. ಕಲಿತದ್ದನ್ನು ಆಳಗೊಳಿಸುವ ಮೆಟ್ಟಿಲುಗಳು ಮಾತ್ರ ಲೆವೆಲ್‌ನಿಂದಲೇ ಬರುತ್ತವೆ, ಬುದ್ಧಿವಂತನಿಗೂ ಮಂದನಿಗೂ ಒಂದೇ ಸಮ. ವಿಸ್ತಾರಕ್ಕೆ ಬುದ್ಧಿ, ಆಳಕ್ಕೆ ಅನುಭವ ಎಂಬ ಈ ಹಂಚಿಕೆ ಇದುವರೆಗಿನ ಸೂತ್ರಗಳಲ್ಲಿ ಬಹುಶಃ ಅತ್ಯಂತ ನ್ಯಾಯವಾದದ್ದು. 2023ರಲ್ಲಿ ಬಂದ ಅದರ ಪರಿಷ್ಕೃತ ರೂಪ 3ರಿಂದ 18ರವರೆಗಿನ ಹಳೆಯ ಸಾಮರ್ಥ್ಯಾಂಕಗಳನ್ನೇ ಪುಸ್ತಕದಿಂದ ತೆಗೆದು, ಮಾರ್ಪಾಟನ್ನಷ್ಟೇ ನೇರವಾಗಿ ಬರೆಯುವ ಪದ್ಧತಿ ತಂದಿತು.